ಓದುಗರ ಪ್ರಶ್ನೆ: ಯುದ್ಧಚಿತ್ರದಲ್ಲಿ ಗುಂಡಿಗಿಂತ ಮೊದಲು ದಾರಿ

ಯುದ್ಧಚಿತ್ರಗಳ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಇಲ್ಲಿ ಆಯ್ದುಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ಎರಡು ಗಂಟೆ ಗುಂಡಿನ ಸದ್ದು ಕೇಳಿದರೂ ಕೆಲವು ಯುದ್ಧಚಿತ್ರಗಳು ಮನಸ್ಸಿಗೆ ತಟ್ಟುವುದೇ ಇಲ್ಲ. ತಪ್ಪಿರುವುದೆಲ್ಲಿ? (ಹಾಸನ)

ಹೆಚ್ಚಿನ ಸಲ ಮೊದಲ ಹತ್ತು ನಿಮಿಷದಲ್ಲೇ. ವೈರಿ ಯಾವ ದಿಕ್ಕಿನಲ್ಲಿದ್ದಾನೆ, ಎಷ್ಟು ದೂರ, ನಡುವೆ ಏನಿದೆ, ನಮ್ಮವರ ಬಳಿ ಮೊದಲು ಮುಗಿಯುವುದು ಗುಂಡೋ ನೀರೋ ಹೊತ್ತೋ? ಇಷ್ಟು ಗೊತ್ತಾಗದಿದ್ದರೆ ಮುಂದಿನದೆಲ್ಲ ದೀಪಾವಳಿ ಪಟಾಕಿಯೇ.

1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಗಡಿಠಾಣೆ ಲೋಂಗೇವಾಲಾದಲ್ಲಿ ನಡೆದದ್ದನ್ನು ನೋಡಿ. 23 ಪಂಜಾಬ್ ಪಲ್ಟನ್ನಿನ ಒಂದು ಕಂಪನಿ, ಸುಮಾರು 120 ಜನ, ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ನಾಯಕತ್ವ. ಎದುರಿಗೆ ಪಾಕಿಸ್ತಾನದ ಟ್ಯಾಂಕುಗಳ ಸಾಲು. ಜೈಸಲ್ಮೇರಿನಲ್ಲಿದ್ದ ನಮ್ಮ ಹಂಟರ್ ಯುದ್ಧವಿಮಾನಗಳಿಗೆ ಕತ್ತಲಲ್ಲಿ ದಾಳಿ ಮಾಡುವ ಸಲಕರಣೆ ಇರಲಿಲ್ಲ. ಬೆಳಕು ಹರಿಯುವ ತನಕ ತಡೆದು ನಿಲ್ಲಬೇಕು, ಕಥೆಯೆಂದರೆ ಇದೇ. ಇನ್ನೊಂದು ಸಣ್ಣ ವಿವರವಿದೆ. ಠಾಣೆಯ ಮುಂದಿದ್ದ ತೆಳುವಾದ ಮುಳ್ಳುತಂತಿ ಕಂಡು, ಅಲ್ಲಿ ನೆಲಬಾಂಬು ಹೂತಿದ್ದಾರೆಂದು ವೈರಿ ಟ್ಯಾಂಕುಗಳು ನಿಂತುಬಿಟ್ಟವು. ಹೂತಿಲ್ಲವೆಂದು ಖಚಿತಪಡಿಸಿಕೊಳ್ಳಲು ಅವರಿಗೆ ಸುಮಾರು ಎರಡು ಗಂಟೆ ಹಿಡಿಯಿತು. ಒಂದು ಎಳೆ ತಂತಿ, ಎರಡು ಗಂಟೆ ಕತ್ತಲೆ, ತಂತಿಯ ಈಚೆಗೆ ಉಸಿರು ಬಿಗಿಹಿಡಿದ ಸಿಪಾಯಿ. ಒಳ್ಳೆಯ ನಿರ್ದೇಶಕ ಇದರಲ್ಲೇ ಇಪ್ಪತ್ತು ನಿಮಿಷ ಕೂರುತ್ತಾನೆ. ಕೆಟ್ಟವನು ಇದನ್ನು ಹಾರಿಸಿ ನಾಯಕನ ಬಾಯಿಗೆ ಭಾಷಣ ತುರುಕುತ್ತಾನೆ.

ಕರ್ನಾಟಕಕ್ಕೆ ನಂಟಿರುವ, ಸಿನಿಮಾ ಆಗಲೇಬೇಕಾದ ನಿಜಘಟನೆ ಒಂದನ್ನು ಹೇಳಿ ಎಂದರೆ ಯಾವುದು? (ಮಡಿಕೇರಿ, ಬೆಂಗಳೂರು, ಶಿರಸಿ)

ಜೊಜಿಲಾ, 1948ರ ನವೆಂಬರ್ 1, ಪಾಕಿಸ್ತಾನದೊಡನೆ ನಡೆದ ಮೊದಲ ಕಾಶ್ಮೀರ ಯುದ್ಧ. ಇದನ್ನು ಆರಿಸಿದ್ದು ಕೊಡಗಿನ ಜನರಲ್ ತಿಮ್ಮಯ್ಯನವರು ಇದ್ದಾರೆಂಬ ಒಂದೇ ಕಾರಣಕ್ಕಲ್ಲ.

ಶ್ರೀನಗರದಿಂದ ಲಡಾಖಿಗೆ ಹೋಗುವ ದಾರಿಯಲ್ಲಿ ಸುಮಾರು 11,500 ಅಡಿ ಎತ್ತರದ ಕಣಿವೆಬಾಯಿ ಅದು. ಎರಡೂ ಮಗ್ಗುಲ ಬಂಡೆಗಳಲ್ಲಿ, ಗುಹೆಗಳಲ್ಲಿ ವೈರಿಯ ಮಷಿನ್‌ಗನ್ನುಗಳು. ಸೆಪ್ಟೆಂಬರಿನಲ್ಲಿ ಕಾಲಾಳುಗಳು ಮಾಡಿದ ದಾಳಿ ವಿಫಲವಾಗಿತ್ತು. ಚಳಿಗಾಲದ ಹಿಮ ದಾರಿ ಮುಚ್ಚಿದರೆ ಲೇಹ್ ಕೈತಪ್ಪುವ ಭಯ. ಆಗ ಡಿವಿಷನ್ ಕಮಾಂಡರ್ ತಿಮ್ಮಯ್ಯನವರು ತೀರ್ಮಾನಿಸಿದ್ದು ಇಷ್ಟು: ಅಲ್ಲಿಗೆ ಟ್ಯಾಂಕ್ ಹತ್ತಿಸೋಣ. ಅಷ್ಟು ಎತ್ತರಕ್ಕೆ ಟ್ಯಾಂಕ್ ಬಂದೀತೆಂದು ವೈರಿ ಎಣಿಸಿರಲೇ ಇಲ್ಲ. ಹಾಗಾಗಿ ಟ್ಯಾಂಕ್ ಒಡೆಯುವ ಆಯುಧವನ್ನೂ ತಂದಿಟ್ಟುಕೊಂಡಿರಲಿಲ್ಲ.

7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಹಗುರ ಜಾತಿಯವು, ಮೂತಿಗೆ 37 ಎಂ.ಎಂ. ಫಿರಂಗಿ. ಹಗುರವೆಂದರೂ ಹತ್ತು ಟನ್ನಿಗೆ ಮೇಲೆಯೇ. ದಾರಿಯ ಸೇತುವೆಗಳು ಆ ಭಾರ ತಡೆಯುವಂಥವಲ್ಲ. ಅದಕ್ಕೆ ಟರೆಟ್ (ಫಿರಂಗಿ ಕೂರಿಸಿದ ಮೇಲಿನ ಗೋಪುರ) ಕಳಚಿ, ಟಾರ್ಪಾಲು ಹೊದಿಸಿ, ಗುಟ್ಟು ಬಿಡದಂತೆ ಜಮ್ಮು ಕಡೆಯಿಂದ ಸಾಗಿಸಿ, ಮುಂದೆ ಮತ್ತೆ ಜೋಡಿಸಿದರು. ಬಾಲ್ತಾಲಿನಿಂದ ಕಣಿವೆಬಾಯಿಗೆ ಇದ್ದದ್ದೋ ಹೇಸರಗತ್ತೆ ನಡೆಯುವ ಕಾಲುದಾರಿ. ಅದನ್ನು ಟ್ಯಾಂಕಿನ ಅಗಲಕ್ಕೆ ಕಡಿದವರು ಮದ್ರಾಸ್ ಸ್ಯಾಪರ್ಸ್, ಅಂದರೆ ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪಿನವರು. ಮೇಜರ್ ತಂಗರಾಜು ಅವರ ಮುಂದಾಳತ್ವ. ಮೇಲಿನಿಂದ ಗುಂಡು ಬೀಳುತ್ತಿದ್ದಂತೆಯೇ ಬಂಡೆ ಒಡೆದರು. ಹಿಮ ಬೀಳುವಾಗ ಟ್ಯಾಂಕುಗಳು ಏರಿದವು, ಮುಂದಿನ ಟ್ಯಾಂಕುಗಳ ಜೊತೆ ತಿಮ್ಮಯ್ಯನವರೂ ಇದ್ದರು. ಅದೇ ತಿಂಗಳಲ್ಲಿ ದ್ರಾಸ್, ಕಾರ್ಗಿಲ್ ಎರಡೂ ಮರಳಿ ಕೈಸೇರಿದವು.

ಇದರಲ್ಲಿ ಸಿನಿಮಾ ಎಲ್ಲಿದೆ? ನಮ್ಮ ಮಟ್ಟಿಗೆ ಕೊನೆಯ ದಿನದ ಕಾಳಗಕ್ಕಿಂತ ರಸ್ತೆ ಕಡಿಯುವ ದಿನಗಳಲ್ಲಿ. ದಾರಿಯ ಅಗಲ ಒಂದು ಗೇಣು ಕಡಿಮೆಯಾದರೂ ಟ್ಯಾಂಕಿನ ಹೊರಗಡೆಯ ಪಟ್ಟಿ ಗಾಳಿಯಲ್ಲಿ ತೂಗುತ್ತದೆ. ಚಾಲಕನಿಗೆ ಅದು ಕಾಣುವುದಿಲ್ಲ, ಎದುರು ನಿಂತು ಕೈಸನ್ನೆ ಮಾಡುವವನಿಗೆ ಮಾತ್ರ ಕಾಣುತ್ತದೆ. ಆ ಸನ್ನೆ ಮಾಡುವ ಕೈ, ಪಟ್ಟಿಯಡಿ ಉದುರುವ ಜಲ್ಲಿ, ಹಿಂದಿನ ಟ್ಯಾಂಕಿನ ಎಂಜಿನ್ ಸದ್ದು, ಇಷ್ಟಿದ್ದರೆ ಹಿನ್ನೆಲೆ ಸಂಗೀತವೇ ಬೇಡ. ಭಾಷೆಯ ಅನುಕೂಲವೂ ಇದೆ. ದಕ್ಷಿಣದ ರಾಜ್ಯಗಳವರೇ ಸೇರುವ ಈ ಪಡೆಯವರನ್ನು ಸೇನೆಯಲ್ಲಿ ‘ತಂಬಿ’ಗಳೆಂದೇ ಕರೆಯುತ್ತಾರೆ. ಅಲ್ಲಿ ಕನ್ನಡ, ತಮಿಳು, ತೆಲುಗು ಮಾತು ಕೇಳಿಸಿದರೆ ಅದು ಡಬ್ಬಿಂಗ್ ಅನ್ನಿಸದು.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಕಥೆ ಈಗಾಗಲೇ ಹಿಂದಿಯಲ್ಲಿ ಬಂತಲ್ಲ, ಇನ್ನು ಕನ್ನಡದಲ್ಲಿ ಮಾಡಲು ಉಳಿದದ್ದೇನು? (ವಿರಾಜಪೇಟೆ)

ಉಳಿದಿದೆ. 2025ರ ಹಿಂದಿ ಚಿತ್ರ ಅದರಿಂದ ಪ್ರೇರಣೆ ಪಡೆದದ್ದು, ಹೆಸರುಗಳನ್ನೂ ಬದಲಿಸಿತ್ತು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದ ದೇವಯ್ಯ ಹಾರಿಸಿದ್ದು ಶಬ್ದವೇಗ ದಾಟಲು ಹೆಣಗುವ ಮಿಸ್ಟೇರ್ ವಿಮಾನ. ಎದುರಾದದ್ದು ಶಬ್ದದ ಎರಡು ಪಟ್ಟು ವೇಗದ ಸ್ಟಾರ್‌ಫೈಟರ್. ತನ್ನ ವಿಮಾನಕ್ಕೆ ಪೆಟ್ಟು ಬಿದ್ದ ಮೇಲೂ ಅವರು ಅದನ್ನು ಹೊಡೆದುರುಳಿಸಿದರು. ಎದುರಾಳಿ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಬದುಕಿಕೊಂಡರು, ದೇವಯ್ಯ ಮರಳಲಿಲ್ಲ. ಜೊತೆಯವರು ಯಾರೂ ಅದನ್ನು ಕಂಡಿರಲಿಲ್ಲ. ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷದ ಮೇಲೆ.

ಚಿತ್ರಕಥೆ ಬರೆಯುವವರಿಗೆ ಇಲ್ಲಿ ಒಂದು ಹಳ್ಳವಿದೆ. ಕಾಕ್‌ಪಿಟ್ಟಿನೊಳಗೆ ದೇವಯ್ಯ ಏನು ಹೇಳಿದರೆಂದು ಯಾರಿಗೂ ತಿಳಿಯದು, ಅಲ್ಲಿ ಹಾಕುವ ಪ್ರತಿ ಸಂಭಾಷಣೆಯೂ ಕಟ್ಟಿದ್ದೇ. ಬದುಕುಳಿದ ಸಾಕ್ಷಿ ವೈರಿ ಪಾಳಯದವನು. ಆ ಕಾಳಗವನ್ನು ಅಮ್ಜದ್ ಕಣ್ಣಿನಿಂದ ತೋರಿಸಿ, ಉಳಿದ ಹೊತ್ತನ್ನು ಕೊಡಗಿನ ಮನೆಯ ಆ 23 ವರ್ಷಗಳಿಗೆ ಕೊಟ್ಟರೆ ಹೊಸ ಚಿತ್ರವಾದೀತು, ಸುಳ್ಳೂ ಕಡಿಮೆಯಾದೀತು.

ಯುದ್ಧಚಿತ್ರದಲ್ಲಿ ತಾಂತ್ರಿಕ ತಪ್ಪು ಹಿಡಿಯುವುದು ಹೇಗೆ? (ಧಾರವಾಡ)

ಬಂದೂಕಿನಿಂದ ಶುರುಮಾಡಿ. 1948ರಲ್ಲಿ, 1962ರಲ್ಲಿ ನಮ್ಮ ಸಾಮಾನ್ಯ ಸಿಪಾಯಿಯ ಕೈಯಲ್ಲಿದ್ದದ್ದು .303 ರೈಫಲ್. ಮ್ಯಾಗಜೀನಿನಲ್ಲಿ 10 ಗುಂಡು, ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕು. ಬೋಲ್ಟ್ ಮುಟ್ಟದೆ ಸಾಲುಸಾಲಾಗಿ ಹೊಡೆದರೆ ಅಲ್ಲೇ ಸಿಕ್ಕಿಬಿದ್ದರು. 1971ಕ್ಕೆ ಎಸ್‌ಎಲ್‌ಆರ್, ಅಂದರೆ ಮುಂದಿನ ಗುಂಡನ್ನು ತಾನೇ ತುಂಬಿಕೊಳ್ಳುವ ರೈಫಲ್ ಬಂದಿತ್ತು: 7.62 ಎಂ.ಎಂ., 20 ಗುಂಡು, ಟ್ರಿಗರ್ ಎಳೆದಷ್ಟು ಸಲ ಒಂದೊಂದೇ. 1999ರ ಕಾರ್ಗಿಲ್ ಯುದ್ಧದ ಹೊತ್ತಿಗೆ ಇನ್ಸಾಸ್ ರೈಫಲ್.

ಆಮೇಲೆ ಗ್ರೆನೇಡ್. ಅದು ಸಿಡಿದರೆ ಕಿತ್ತಳೆ ಬಣ್ಣದ ಬೆಂಕಿಯುಂಡೆ ಏಳುವುದಿಲ್ಲ. ಅರೆಗಳಿಗೆ ಮಿಂಚು, ಮತ್ತೆ ಬೂದು ಧೂಳು. ಬೆಂಕಿಯುಂಡೆ ಸೆಟ್ಟಿನಲ್ಲಿಟ್ಟ ಪೆಟ್ರೋಲಿನದು. ಹಲ್ಲಿನಿಂದ ಪಿನ್ ಕೀಳುವವನಿಗೆ ಪಿನ್ನಿಗಿಂತ ಮೊದಲು ಹಲ್ಲು ಬರುತ್ತದೆ.

ಕೊನೆಗೆ ಸದ್ದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ರೈಫಲ್ ಗುಂಡು ಅದರ ಎರಡು ಪಟ್ಟಿಗೂ ಮಿಗಿಲು ವೇಗದಲ್ಲಿ. ಹಾಗಾಗಿ 300 ಮೀಟರ್ ದೂರದವನು ಹೊಡೆದರೆ ಮೊದಲು ಕಿವಿಯ ಪಕ್ಕ ‘ಚಟ್’, ಸುಮಾರು ಅರ್ಧ ಸೆಕೆಂಡ್ ಬಿಟ್ಟು ದೂರದಿಂದ ‘ಧಡ್’. ಈ ಎರಡರ ನಡುವಿನ ಬಿಡುವಿನಲ್ಲೇ ಅನುಭವಿ ಸಿಪಾಯಿ ದೂರ ಅಂದಾಜು ಮಾಡುತ್ತಾನೆ. ಒಂದು ಕಿಲೋಮೀಟರ್ ಆಚೆಯ ಫಿರಂಗಿಯ ಹೊಗೆ ಕಂಡು ಮೂರು ಸೆಕೆಂಡಿನ ಮೇಲೆ ಸದ್ದು ಬರಬೇಕು. ಎಡಿಟಿಂಗ್ ಟೇಬಲ್ಲಿನಲ್ಲಿ ಖರ್ಚಿಲ್ಲದೆ ಆಗುವ ಕೆಲಸವಿದು. ಆದರೂ ಹೊಗೆ, ಸದ್ದು ಎರಡನ್ನೂ ಒಂದೇ ಫ್ರೇಮಿಗೆ ಅಂಟಿಸಿಬಿಡುತ್ತಾರೆ.

ಕಾಲೇಜು ತಂಡದಿಂದ ಹದಿನೈದು ನಿಮಿಷದ ಯುದ್ಧದ ಕಿರುಚಿತ್ರ ಮಾಡುತ್ತಿದ್ದೇವೆ. ಬಂಕರ್, ಸ್ಫೋಟ, ಗುಂಡು ಕಡಿಮೆ ಖರ್ಚಿನಲ್ಲಿ ಹೇಗೆ? ಕ್ಯಾಮೆರಾದ ಶಟರ್ ಎಷ್ಟಿಡಬೇಕು? (ಶಿವಮೊಗ್ಗ)

ಬಂಕರಿಗೆ ಗೋಣಿಚೀಲವೇ ಬೇಕು. ಸಿಮೆಂಟಿನ ಪ್ಲಾಸ್ಟಿಕ್ ಚೀಲ ಬಿಸಿಲಿಗೆ ಮಿಂಚುತ್ತದೆ, 1948ಕ್ಕೂ 1971ಕ್ಕೂ ಅದು ಸಲ್ಲದು. ಮುಕ್ಕಾಲು ಭಾಗ ಮಾತ್ರ ತುಂಬಿ, ಬಾಯಿ ಒಳಮಗ್ಗುಲಿಗೆ ಮಡಿಸಿ, ಇಟ್ಟಿಗೆಯಂತೆ ಸಂದು ತಪ್ಪಿಸಿ ಜೋಡಿಸಿ. ಬಿಗಿಯಾಗಿ ತುಂಬಿದ ಚೀಲ ಉರುಟಾಗಿ ಉರುಳುತ್ತದೆ, ಮೂರನೇ ಸಾಲಿಗೇ ಗೋಡೆ ಕುಸಿಯುತ್ತದೆ. ಕ್ಯಾಮೆರಾಗೆ ಕಾಣುವ ಸಾಲಿಗೂ ಎಲ್ಲಕ್ಕಿಂತ ಕೆಳಗಿನ ಸಾಲಿಗೂ ಮಣ್ಣು, ಹಿಂದಿನವಕ್ಕೆ ಭತ್ತದ ಹೊಟ್ಟು ಸಾಕು. ನಟನ ತಲೆಯ ಮೇಲೆ ಭಾರದ ಚೀಲ ಇಡಬೇಡಿ.

ಸ್ಫೋಟಕ್ಕೆ ಪಟಾಕಿ ಮದ್ದು ಮುಟ್ಟಲೇಬೇಡಿ, ಪರವಾನಗಿ ಇರುವ ತಜ್ಞರ ಕೆಲಸ ಅದು. ಜರಡಿ ಹಿಡಿದ ತೆಂಗಿನ ನಾರಿನ ಪುಡಿಯನ್ನು ಕಂಪ್ರೆಸರ್ ಗಾಳಿಯಿಂದ ಮೇಲಕ್ಕೆ ಚಿಮ್ಮಿಸಿದರೆ ನೆಲ ಎದ್ದಂತೆಯೇ ಕಾಣುತ್ತದೆ. ಒಂದು ಹರಳು ಉಳಿದರೂ ಅದು ಗುಂಡಿನಂತೆ ಹೋಗುತ್ತದೆ, ಹಾಗಾಗಿ ಎರಡು ಸಲ ಜರಡಿ ಆಡಿಸಿ. ಗಾಳಿಕೊಳವೆಯ ಬಾಯಿಗೆ ಯಾರೂ ಬಗ್ಗಕೂಡದು. ತೇಲುವ ಧೂಳಿಗೆ ಮುಲ್ತಾನಿ ಮಿಟ್ಟಿ, ಟೇಕ್ ಇಲ್ಲದಾಗ ಎಲ್ಲರಿಗೂ ಮಾಸ್ಕ್. ಸಿಮೆಂಟ್ ಎರಚುವ ತಂಡಗಳಿವೆ. ಅದು ಕಣ್ಣಿನ ತೇವಕ್ಕೆ ತಾಗಿದರೆ ಸುಡುತ್ತದೆ.

ಬಂದೂಕು ಮರದ್ದೋ ರಬ್ಬರಿನದೋ ಇರಲಿ. ಖಾಲಿ ತೋಟಾ (ಗುಂಡಿಲ್ಲದೆ ಮದ್ದು ಮಾತ್ರ ತುಂಬಿದ್ದು) ಅಪಾಯವಿಲ್ಲದ್ದೆಂಬುದು ತಪ್ಪು ತಿಳಿವಳಿಕೆ. 1993ರಲ್ಲಿ ನಟ ಬ್ರ್ಯಾಂಡನ್ ಲೀ ಸತ್ತದ್ದು ಹೀಗೆ: ಹಿಂದಿನ ದೃಶ್ಯದ ನಕಲಿ ತೋಟಾದಿಂದ ಕಳಚಿದ ಗುಂಡಿನ ತುದಿ ನಳಿಗೆಯಲ್ಲೇ ಸಿಕ್ಕಿಕೊಂಡಿತ್ತು, ಆಮೇಲೆ ಹಾಕಿದ ಖಾಲಿ ತೋಟಾ ಅದನ್ನು ಹೊರದಬ್ಬಿತು. ಬೆಂಕಿಮಿಂಚನ್ನು ಎಡಿಟಿಂಗ್‌ನಲ್ಲಿ ಸೇರಿಸಿ, ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಒಂದೇ ಒಂದು ಫ್ರೇಮಿಗೆ. ರಾತ್ರಿ ದೃಶ್ಯವಾದರೆ ಅದೇ ಫ್ರೇಮಿನಲ್ಲಿ ನಟನ ಮುಖವೂ ಬೆಳಗಬೇಕು. ನಟ ಭುಜ ಹಿಂದಕ್ಕೆ ತಳ್ಳಿಸಿಕೊಳ್ಳುವುದನ್ನು ಅಭ್ಯಾಸ ಮಾಡದಿದ್ದರೆ ಇದೆಲ್ಲ ವ್ಯರ್ಥ.

ಶಟರ್ ಬಗ್ಗೆಯೂ ಕೇಳಿದ್ದೀರಿ. ಪ್ರತಿ ಫ್ರೇಮಿಗೆ ಶಟರ್ ಎಷ್ಟು ಹೊತ್ತು ತೆರೆದಿರುತ್ತದೆಂಬುದನ್ನು ಡಿಗ್ರಿಯಲ್ಲಿ ಹೇಳುತ್ತಾರೆ. ಮಾಮೂಲಿ 180 ಡಿಗ್ರಿಯಲ್ಲಿ ಪ್ರತಿ ಫ್ರೇಮಿಗೆ 1/48 ಸೆಕೆಂಡ್ ಬೆಳಕು, 45 ಡಿಗ್ರಿಗೆ ಇಳಿಸಿದರೆ 1/192. ಹಾರುವ ಮಣ್ಣಿನ ಕಣಕಣವೂ ಚೂಪಾಗಿ, ಚಲನೆ ಒಡೆದೊಡೆದು ಕಾಣುತ್ತದೆ. ಬೆಳಕು ನಾಲ್ಕರಲ್ಲೊಂದು ಪಾಲಾಗುವುದರಿಂದ ಬಿಸಿಲಿನಲ್ಲಷ್ಟೇ ಸುಲಭ. ದಾಳಿಯ ಒಂದು ದೃಶ್ಯಕ್ಕೆ ಸಾಕು. ಇಡೀ ಚಿತ್ರಕ್ಕೆ ಬಳಸಿದರೆ ತಲೆನೋವು.

ಚಿತ್ರೀಕರಣಕ್ಕೆ ಮುಂಚೆ ಸ್ಥಳೀಯ ಪೊಲೀಸ್ ಠಾಣೆಗೆ ದಿನ, ಜಾಗ, ನಕಲಿ ಬಂದೂಕುಗಳ ಎಣಿಕೆ ಬರೆದುಕೊಟ್ಟು ಪ್ರತಿಗೆ ಸಹಿ ಪಡೆಯಿರಿ.

ಸೇನೆಯ ಅನುಮತಿ ಬೇಕೇ? (ಮೈಸೂರು)

ಸೇನೆಯ ಟ್ಯಾಂಕು, ಜಾಗ, ಜನ ಬೇಕಿದ್ದರೆ ಚಿತ್ರಕಥೆಯನ್ನು ಮೊದಲೇ ಒಪ್ಪಿಸಬೇಕು. 2020ರಲ್ಲಿ ರಕ್ಷಣಾ ಸಚಿವಾಲಯವು ಸೆನ್ಸಾರ್ ಮಂಡಳಿಗೆ ಪತ್ರ ಬರೆದು, ಸೇನೆಯ ವಸ್ತುವಿರುವ ಚಿತ್ರಗಳಿಗೆ ನಿರಾಕ್ಷೇಪಣಾ ಪತ್ರ ಪಡೆಯುವಂತೆ ನಿರ್ಮಾಪಕರಿಗೆ ಸೂಚಿಸಲು ಕೇಳಿತ್ತು. ಅದಕ್ಕೆ ತಿಂಗಳುಗಳನ್ನೇ ಮೀಸಲಿಡಿ.

ಮೈಸೂರು ಲ್ಯಾನ್ಸರ್ಸ್ ಹೋರಾಡಿದ ಹೈಫಾ ಕದನವನ್ನು ಯಾಕೆ ಬಿಟ್ಟಿರಿ? (ಬೆಂಗಳೂರು)

ಬಿಟ್ಟಿಲ್ಲ, ಅದು ಕಷ್ಟದ ಚಿತ್ರ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಈಗಿನ ಇಸ್ರೇಲಿನಲ್ಲಿರುವ ಹೈಫಾದಲ್ಲಿ ಜೋಧಪುರದ ಕುದುರೆಪಡೆಯವರು ಊರ ಕಡೆಗೆ ನುಗ್ಗಿದರೆ, ಮೈಸೂರಿನ ಒಂದು ಸ್ಕ್ವಾಡ್ರನ್ ಕಾರ್ಮೆಲ್ ಬೆಟ್ಟದ ಇಳಿಜಾರು ಹತ್ತಿ ಆಸ್ಟ್ರಿಯನ್ ಫಿರಂಗಿಗಳ ಮೇಲೆ ಬಿತ್ತು. ಜೋಧಪುರದವರ ನಾಯಕ ಮೇಜರ್ ದಳಪತ್ ಸಿಂಗ್ ಸೇರಿ 8 ಜನ ಸತ್ತರು, ಕುದುರೆಗಳು 60. ಈ ಎರಡನೇ ಅಂಕಿಯೇ ನಿರ್ಮಾಪಕನ ತಲೆನೋವು. ಕುದುರೆ ಬಳಸಲು ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು, ಕಾಲಿಗೆ ತಂತಿ ಕಟ್ಟಿ ಬೀಳಿಸುವ ಹಳೆಯ ಕಾಲದ ಪದ್ಧತಿ ನಡೆಯದು. ಬೀಳಲು ಪಳಗಿದ ಕುದುರೆ ಒಂದೆರಡೇ ಸಿಕ್ಕರೂ ಸಾಕು, ಮೆತ್ತಗೆ ಅಗೆದ ಮರಳಿನ ಮೇಲೆ ಬೀಳಿಸಿ ಉಳಿದದ್ದನ್ನು ಗ್ರಾಫಿಕ್ಸಿನಲ್ಲಿ ತುಂಬಬಹುದು. ಅಷ್ಟಕ್ಕೂ ಮೈಸೂರಿನವರ ಪಾಲಿನದು ಬಯಲಿನ ನಾಗಾಲೋಟವಲ್ಲ, ಕಡಿದಾದ ಬೆಟ್ಟದ ಏರು. ಕಲ್ಲಿನ ಮೇಲೆ ಲಾಳ ಜಾರುವುದನ್ನು ಹತ್ತಿರದಿಂದ ಹಿಡಿಯಲು ನಾಲ್ಕು ಕುದುರೆ ಸಾಕು.