ಟ್ಯೂಷನ್ನಿಗೆ ಎಲ್‌ಎಂಎಸ್: ಯಾವುದು, ಏಕೆ?

ಪ್ರಶ್ನೆ: ಬಸವನಗುಡಿಯಲ್ಲಿ ನಾವು ಮೂವರು ಶಿಕ್ಷಕರು ಸೇರಿ 60 ಮಂದಿ ಪಿಯುಸಿ ವಿದ್ಯಾರ್ಥಿಗಳಿಗೆ ಲೆಕ್ಕಶಾಸ್ತ್ರ ಹೇಳಿಕೊಡುತ್ತೇವೆ. ಪಾಠ ಝೂಮ್‌ನಲ್ಲಿ, ಹೋಂವರ್ಕ್ ವಾಟ್ಸ್‌ಆಪ್ ಗುಂಪಿನಲ್ಲಿ. ಎಲ್‌ಎಂಎಸ್ ಬೇಕೆಂದು ಹಲವರು ಹೇಳುತ್ತಾರೆ. ಅದರಿಂದ ನಮಗೇನು ಪ್ರಯೋಜನ? ಮೂಡಲ್ ಒಳ್ಳೆಯದೋ, ಗೂಗಲ್ ಕ್ಲಾಸ್‌ರೂಮೋ?

ಉತ್ತರ: ಝೂಮ್ ಪಾಠ ನಡೆಯುವ ಕೊಠಡಿಯಾದರೆ, ಎಲ್‌ಎಂಎಸ್ ಎಂದರೆ ಕಲಿಕಾ ನಿರ್ವಹಣಾ ವ್ಯವಸ್ಥೆಯು ನೋಟ್ಸ್, ಹೋಂವರ್ಕ್, ಕಿರುಪರೀಕ್ಷೆ ಮತ್ತು ಅಂಕಗಳನ್ನು ಪ್ರತಿ ವಿದ್ಯಾರ್ಥಿಯ ಹೆಸರಿನಲ್ಲಿ ಒಂದೆಡೆ ಇಡುವ ಜಾಗ. ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ತೆಗೆದ ಬ್ಯಾಲೆನ್ಸ್ ಶೀಟಿನ ಫೋಟೊಗಳು ಗುಂಪಿಗೆ ಒಂದರ ಹಿಂದೊಂದು ಬಂದು ಬಿದ್ದಾಗ, ಎರಡನೆಯ ಪುಟ ಯಾರದು, ಆಸ್ತಿಯ ಬದಿ ಬರೆದವರು ಯಾರು, ಕಳುಹಿಸದೆ ಉಳಿದವರು ಯಾರು ಎಂದು ಹುಡುಕುವುದರಲ್ಲೇ ತಿದ್ದುವ ಸಮಯ ಕಳೆದುಹೋಗುತ್ತದೆ. ನಿಮ್ಮ ನಿಜವಾದ ತೊಂದರೆ ಇದೇ ಎಂದು ನನಗನಿಸುತ್ತದೆ. ಆದ್ದರಿಂದ ಎಷ್ಟು ಸೌಲಭ್ಯಗಳಿವೆ ಎಂದು ಎಣಿಸುವ ಬದಲು, ಈ ಒಂದು ಕೆಲಸ ಯಾವುದರಲ್ಲಿ ಹಗುರವಾಗುತ್ತದೆ ಎಂದು ನೋಡಿ.

ಸದ್ಯಕ್ಕೆ ಗೂಗಲ್ ಕ್ಲಾಸ್‌ರೂಮ್ ಸಾಕೆಂಬುದು ನನ್ನ ಅಭಿಪ್ರಾಯ. 2014ರಲ್ಲಿ ಶಾಲೆಗಳಿಗಾಗಿ ಬಂದ ಇದನ್ನು 2017ರಿಂದ ಸಾಮಾನ್ಯ ಜಿಮೇಲ್ ಖಾತೆಯಿಂದಲೂ ಬಳಸಬಹುದಾಗಿದೆ. ಖಾಲಿ ಜರ್ನಲ್ ನಮೂನೆಯ ಒಂದೊಂದು ಪ್ರತಿಯನ್ನು ಪ್ರತಿ ವಿದ್ಯಾರ್ಥಿಗೂ ತಾನೇ ಹಂಚುತ್ತದೆ. ಒಪ್ಪಿಸದವರ ಹೆಸರು ಕಣ್ಣೆದುರೇ ಇರುತ್ತದೆ.

ಮೂಡಲ್‌ನ ಕಥೆ ಬೇರೆ. ಆಸ್ಟ್ರೇಲಿಯಾದ ಮಾರ್ಟಿನ್ ಡೌಗಿಯಮಾಸ್ 2002ರಲ್ಲಿ ಅದರ ಮೊದಲ ಆವೃತ್ತಿಯನ್ನು ಹೊರತಂದರು. ತಂತ್ರಾಂಶ ಮುಕ್ತ ಮತ್ತು ಉಚಿತ. ಆದರೆ ಅದನ್ನು ನೀವೇ ಸ್ಥಾಪಿಸಿ ನಡೆಸುವುದಾದರೆ ಸರ್ವರ್ (ಅದು ಓಡುವ ಕಂಪ್ಯೂಟರ್) ಬಾಡಿಗೆ, ಬ್ಯಾಕಪ್, ಕಾಲಕಾಲಕ್ಕೆ ಮಾಡಬೇಕಾದ ಅಪ್‌ಡೇಟ್ ಇವೆಲ್ಲ ನಿಮ್ಮ ತಲೆಯ ಮೇಲೆ ಬರುತ್ತವೆ. 60 ಮಕ್ಕಳು ಒಂದೇ ನಿಮಿಷಕ್ಕೆ ಪರೀಕ್ಷೆ ತೆರೆದರೆ ಸಣ್ಣ ಸರ್ವರ್ ತಡವರಿಸಬಹುದು. ಇಷ್ಟಾದರೂ ಲೆಕ್ಕಶಾಸ್ತ್ರದವರು ಅದನ್ನು ಸುಲಭವಾಗಿ ತಳ್ಳಿಹಾಕಬಾರದು. ಅದರ ಕ್ಯಾಲ್ಕ್ಯುಲೇಟೆಡ್ ಪ್ರಶ್ನೆಯಲ್ಲಿ ಯಂತ್ರದ ಬೆಲೆಯನ್ನೂ ಸವಕಳಿ ದರವನ್ನೂ ಬದಲಾಗುವ ಸಂಖ್ಯೆಗಳಾಗಿ ಇಟ್ಟು ಸೂತ್ರವೊಂದನ್ನು ಬರೆದರೆ, ಪಕ್ಕದವನ ಉತ್ತರ ನಕಲು ಮಾಡಲಾಗದಂತೆ ಬೇರೆ ಬೇರೆ ಅಂಕೆಗಳ ಲೆಕ್ಕ ಹೋಗುತ್ತದೆ, ಉತ್ತರವನ್ನು ಅದೇ ತಿದ್ದುತ್ತದೆ. ಮೂವರಲ್ಲಿ ಒಬ್ಬರಿಗೆ ತಾಂತ್ರಿಕ ಆಸಕ್ತಿಯಿದ್ದರೆ ಮುಂದಿನ ವರ್ಷ ಇದಕ್ಕೆ ಕೈಹಾಕಿ.

ಹಣ ಕೊಟ್ಟು ಕೊಳ್ಳುವ ಕೋಚಿಂಗ್ ಆಪ್‌ಗಳ ವಿಷಯದಲ್ಲಿ ಒಂದು ಮಾತು: ಬಿಟ್ಟು ಹೊರಟಾಗ ನಿಮ್ಮ ವಿಡಿಯೊ, ಪ್ರಶ್ನೆಗಳು ಮತ್ತು ಅಂಕಗಳು ಯಾವ ರೂಪದಲ್ಲಿ ಕೈಗೆ ಸಿಗುತ್ತವೆ ಎಂಬುದನ್ನು ಬರಹದಲ್ಲಿ ಪಡೆಯಿರಿ. ಮೂಡಲ್‌ನಲ್ಲಾದರೆ ಇಡೀ ಕೋರ್ಸನ್ನು ಒಂದೇ ಫೈಲಾಗಿ ಇಳಿಸಿಕೊಂಡು ಇನ್ನೊಂದು ಮೂಡಲ್‌ಗೆ ಏರಿಸಬಹುದು. ನಿಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ 18 ತುಂಬಿರುವುದಿಲ್ಲ. ಅವರ ವೈಯಕ್ತಿಕ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ.

ಯಾವುದನ್ನೇ ಆರಿಸಿದರೂ ಮೊದಲು ಒಂದೇ ಅಧ್ಯಾಯ ಹಾಕಿ, ನಿಮ್ಮ ಲ್ಯಾಪ್‌ಟಾಪಿನಲ್ಲಲ್ಲ, ತರಗತಿಯಲ್ಲೇ ಅಗ್ಗದ ಫೋನು ಇರುವ ವಿದ್ಯಾರ್ಥಿಯ ಕೈಯಲ್ಲಿ ಹೋಂವರ್ಕ್ ಒಪ್ಪಿಸಿ ನೋಡಿ.

ಪ್ರಶ್ನೆ: ನಮ್ಮ ಹಳೆಯ ಕನ್ನಡ ನೋಟ್ಸ್ ಎಲ್‌ಎಂಎಸ್‌ನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿವೆ. ಏಕೆ?

ಉತ್ತರ: ಅವು ಯುನಿಕೋಡ್ (ಎಲ್ಲ ಸಾಧನಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿರಬೇಕು. ಅಂಥ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ತೋರಿಸುತ್ತದೆ, ಆ ಫಾಂಟಿಲ್ಲದ ಕಡೆ ಇಂಗ್ಲಿಷ್ ಅಕ್ಷರಗಳೇ ಕಾಣುತ್ತವೆ. ಪರಿವರ್ತಕದಿಂದ ಯುನಿಕೋಡ್‌ಗೆ ತಂದು, ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಒಮ್ಮೆ ಕಣ್ಣಾರೆ ನೋಡಿ ಏರಿಸಿ.