ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ನೂರು ವರ್ಷಗಳ ಯುದ್ಧದ ಕೊನೆಯ ದೊಡ್ಡ ಕಾಳಗದಲ್ಲಿ, ಕಾಸ್ಟಿಯೋನ್‌ನಲ್ಲಿ, ಇಂಗ್ಲಿಷರು ಸೋತದ್ದೇಕೆ?

ಫ್ರೆಂಚರು ಕೋಟೆಯಂತೆ ಭದ್ರಪಡಿಸಿದ್ದ ಫಿರಂಗಿ ನೆಲೆಯ ಮೇಲೆ, ತಮ್ಮ ಪೂರ್ತಿ ಸೈನ್ಯ ಬಂದು ಸೇರುವ ಮೊದಲೇ ನೇರವಾಗಿ ನುಗ್ಗಿದ್ದರಿಂದ.

1453ರ ಜುಲೈನಲ್ಲಿ ಫ್ರೆಂಚರು, ನೈಋತ್ಯ ಫ್ರಾನ್ಸಿನಲ್ಲಿ ಇಂಗ್ಲಿಷರ ಕೈಯಲ್ಲಿದ್ದ ಬೋರ್ಡೊ ನಗರದ ಪೂರ್ವಕ್ಕಿರುವ ಕಾಸ್ಟಿಯೋನ್ ಪಟ್ಟಣಕ್ಕೆ ಮುತ್ತಿಗೆ ಹಾಕಿದ್ದರು. ಅವರ ಫಿರಂಗಿ ದಳದ ಮುಖ್ಯಸ್ಥ ಝಾನ್ ಬ್ಯೂರೋ ಶಿಬಿರದ ಸುತ್ತ ಕಂದಕ ತೋಡಿಸಿ, ಅದೇ ಮಣ್ಣನ್ನು ಒಳಬದಿಗೆ ದಿಬ್ಬವಾಗಿ ಏರಿಸಿದ್ದ. ಆ ದಿಬ್ಬ ಅಂಕುಡೊಂಕಾಗಿತ್ತು. ಗುಟ್ಟಿರುವುದು ಇಲ್ಲೇ: ದಿಬ್ಬ ನೆಟ್ಟಗಿದ್ದರೆ ಗುಂಡು ಎದುರಿಗಷ್ಟೇ ಹೋಗುತ್ತದೆ, ಡೊಂಕಾಗಿದ್ದರೆ ಕಂದಕದ ಬಳಿ ಬಂದವರಿಗೆ ಪಕ್ಕದಿಂದಲೂ ತಾಗುತ್ತದೆ. ಸಾಲಿನ ಉದ್ದಕ್ಕೂ ಹಾಯುವ ಒಂದೇ ಗುಂಡು ಹಲವರನ್ನು ಕೆಡವುತ್ತದೆ. (ಬ್ಯೂರೋ ಬಳಿ 300 ಫಿರಂಗಿಗಳಿದ್ದವು ಎನ್ನುತ್ತಾರೆ, ಹೆಚ್ಚಿನವು ಸಣ್ಣವು, ಕೈಯಲ್ಲಿ ಹಿಡಿಯುವಂಥವೂ ಇದ್ದಿರಬೇಕು.)

ಜುಲೈ 17ರ ಬೆಳಗ್ಗೆ ಇಂಗ್ಲಿಷ್ ದಂಡನಾಯಕ ಜಾನ್ ಟಾಲ್ಬಟ್ ಮುಂಚೂಣಿ ಪಡೆಯೊಂದಿಗೆ ಬಂದ. ಶಿಬಿರದ ಕಡೆ ಎದ್ದ ಧೂಳು ಕಂಡು ಶತ್ರುಗಳು ಪರಾರಿಯಾಗುತ್ತಿದ್ದಾರೆ ಎಂದುಕೊಂಡ. ವಾಸ್ತವದಲ್ಲಿ ಹೊರಟಿದ್ದು ಕುದುರೆಗಳು ಮತ್ತು ಅವುಗಳ ಆಳುಗಳು. ಹಿಂದಿನ ಪದಾತಿಗಾಗಿ ಕಾಯಲಿಲ್ಲ. ಬಂದ ತುಕಡಿಗಳನ್ನು ಬಂದಂತೆಯೇ ಕಂದಕಕ್ಕೆ ಅಟ್ಟಿದ. ಅಜೆನ್‌ಕೂರ್‌ನಲ್ಲಿ, 1415ರಲ್ಲಿ, ಮೊನಚು ಗೂಟಗಳ ಹಿಂದೆ ನಿಂತು ಫ್ರೆಂಚರನ್ನು ಮೈಮೇಲೆ ಬರಗೊಟ್ಟು ಗೆದ್ದವರು ಇದೇ ಇಂಗ್ಲಿಷರು!

ದಣಿದ ಪಡೆಯ ಪಕ್ಕಕ್ಕೆ ಫ್ರೆಂಚರ ಪರವಾಗಿದ್ದ ಬ್ರಿಟನಿ (ವಾಯವ್ಯ ಫ್ರಾನ್ಸಿನ ಪ್ರದೇಶ) ಅಶ್ವದಳ ಎರಗಿದಾಗ ಎಲ್ಲ ಮುಗಿಯಿತು. ಗುಂಡೇಟಿಗೆ ಕುದುರೆ ಉರುಳಿ, ಅದರಡಿ ಸಿಕ್ಕ ಟಾಲ್ಬಟ್ ಕೊಲ್ಲಲ್ಪಟ್ಟ. ಅಕ್ಟೋಬರ್‌ನಲ್ಲಿ ಬೋರ್ಡೊ ಶರಣಾಯಿತು. ಫ್ರಾನ್ಸಿನ ಮುಖ್ಯ ನೆಲದಲ್ಲಿ ಇಂಗ್ಲಿಷರಿಗೆ ಉಳಿದದ್ದು ಉತ್ತರ ಕರಾವಳಿಯ ಕ್ಯಾಲೆ ಪ್ರದೇಶ ಮಾತ್ರ.