ಸಮೀಕರಣ ಸರಿದೂಗಿದರೆ ಸಾಕೆ?

ಪ್ರಶ್ನೆ: ಪಿಯುಸಿ ವಿಜ್ಞಾನ ಓದುತ್ತಿರುವ ನನ್ನ ಮಗಳು, ಗಣಿತದಲ್ಲಿ ಪ್ರತಿಯೊಂದಕ್ಕೂ ಸಾಧನೆ (ತರ್ಕಬದ್ಧ ರುಜುವಾತು) ಇರುತ್ತದೆ, ರಸಾಯನಶಾಸ್ತ್ರದಲ್ಲಿ ಬಾಯಿಪಾಠವೇ ಗತಿ ಎನ್ನುತ್ತಾಳೆ. ರಸಾಯನಶಾಸ್ತ್ರಕ್ಕೂ ತರ್ಕ, ಗಣಿತಗಳಿಗೂ ಇರುವ ಸಂಬಂಧವೇನು?
– ಓದುಗರೊಬ್ಬರು, ಸೇಡಂ, ಕಲಬುರಗಿ ಜಿಲ್ಲೆ

ಉತ್ತರ: ಸಂಬಂಧ ಬಹಳ ಹತ್ತಿರದ್ದು. ಗಣಿತ ಒಪ್ಪದ ಕ್ರಿಯೆ ಪ್ರಯೋಗಶಾಲೆಯಲ್ಲಿ ನಡೆಯುವುದಿಲ್ಲ. ಆದರೆ ಗಣಿತ ಒಪ್ಪಿದ್ದೆಲ್ಲ ನಡೆದೇ ತೀರುತ್ತದೆ ಎಂದೇನಿಲ್ಲ.

ನಿಮ್ಮ ಸೀಮೆಯ ಸುಣ್ಣದ ಕಲ್ಲನ್ನೇ ನೋಡಿ. ಅದರ ಮುಖ್ಯ ಅಂಶವಾದ ಕ್ಯಾಲ್ಸಿಯಂ ಕಾರ್ಬೊನೇಟ್ ಶುದ್ಧ ರೂಪದಲ್ಲಿ 100 ಕಿಲೋ ಇದ್ದು, ಭಟ್ಟಿಯಲ್ಲಿ ಪೂರ್ತಿ ಸುಟ್ಟರೆ, 56 ಕಿಲೋ ಸುಟ್ಟ ಸುಣ್ಣ ಉಳಿದು 44 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಇವು ಬಾಯಿಪಾಠದ ಅಂಕಿಗಳಲ್ಲ. ರಾಸಾಯನಿಕ ಕ್ರಿಯೆಯಲ್ಲಿ ಪರಮಾಣು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂದು ಒಪ್ಪಿಕೊಂಡವರು ಪರಮಾಣು ತೂಕಗಳನ್ನು ಕೂಡಿಸಿ ಕಳೆದು ಇವನ್ನು ತಾವೇ ಪಡೆಯಬಹುದು.

ಇನ್ನು ತೊಡಕಿನ ಉದಾಹರಣೆಗೆ ಬರೋಣ. ನನಗೆ ಇದು ತುಂಬ ಪ್ರಿಯವಾದದ್ದು. ಪೊಟ್ಯಾಸಿಯಂ ಪರ್ಮ್ಯಾಂಗನೇಟ್ (ಬಾವಿಯ ನೀರಿಗೆ ಹಾಕುವ ನೇರಳೆ ಪುಡಿ) ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸಲ್ಫ್ಯೂರಿಕ್ ಆಮ್ಲದಲ್ಲಿ ವರ್ತಿಸಿದಾಗ ಪೊಟ್ಯಾಸಿಯಂ ಸಲ್ಫೇಟ್, ಮ್ಯಾಂಗನೀಸ್ ಸಲ್ಫೇಟ್, ನೀರು ಮತ್ತು ಆಮ್ಲಜನಕ ಉಂಟಾಗುತ್ತವೆ. ಒಟ್ಟು ವಸ್ತುಗಳು 7, ಧಾತುಗಳು 5. ಪ್ರತಿ ವಸ್ತುವಿನ ಅಣುಗಳ ಸಂಖ್ಯೆ ಒಂದು ಅಜ್ಞಾತ, ಪ್ರತಿ ಧಾತುವಿನ ಪರಮಾಣುಗಳ ಲೆಕ್ಕ ಒಂದು ಬೀಜಗಣಿತದ ಸಮೀಕರಣ. ಅಂದರೆ 7 ಅಜ್ಞಾತಗಳಿಗೆ 5 ಸಮೀಕರಣಗಳು. ಹೀಗಾಗಿ ಪರ್ಮ್ಯಾಂಗನೇಟಿನ 2 ಅಣುಗಳಿಗೆ ಪೆರಾಕ್ಸೈಡಿನ 1 ಅಣು ಹಾಕಿ ಆಮ್ಲಜನಕದ 3 ಅಣುಗಳನ್ನು ಬರೆದರೂ, 3 ಹಾಕಿ 4 ಬರೆದರೂ, 5 ಹಾಕಿ 5 ಬರೆದರೂ, ನೀರಿನ ಸಂಖ್ಯೆಯನ್ನು ತಕ್ಕಂತೆ ಬದಲಿಸಿದರೆ ಪರಮಾಣುಗಳ ಲೆಕ್ಕ ಸರಿಹೋಗುತ್ತದೆ. ಟೈಟ್ರೇಷನ್ (ಒಂದು ದ್ರಾವಣದೊಡನೆ ಪೂರ್ತಿ ವರ್ತಿಸಲು ಇನ್ನೊಂದು ಎಷ್ಟು ಬೇಕೆಂದು ಅಳೆಯುವ ಪ್ರಯೋಗ) ಮಾಡಿದಾಗ ಮಾತ್ರ ಸಿಗುವುದು 2ಕ್ಕೆ 5 ಎಂಬ ಒಂದೇ ಅನುಪಾತ. ಏಕೆಂದರೆ ಹೊರಬರುವ ಆಮ್ಲಜನಕವೆಲ್ಲ ಪೆರಾಕ್ಸೈಡಿನದೇ, ಅದರ ಒಂದು ಅಣುವಿನಿಂದ ಆಮ್ಲಜನಕದ ಒಂದು ಅಣು. ಈ ಸಂಗತಿಯನ್ನು ಪ್ರಯೋಗ ತಿಳಿಸಿಕೊಡಬೇಕು. ತರ್ಕ ತಾನಾಗಿ ಅದನ್ನು ಊಹಿಸಲಾರದು. ತಿಳಿದ ಮೇಲೆ ಉಳಿದುದೆಲ್ಲ ತರ್ಕದ ಕೆಲಸ.

ಗಣಿತವೂ ರಸಾಯನಶಾಸ್ತ್ರದಿಂದ ಪಡೆದಿದೆ. ಇಂಗ್ಲೆಂಡಿನ ಗಣಿತಜ್ಞ ಆರ್ಥರ್ ಕೇಲಿ 1870ರ ದಶಕದಲ್ಲಿ ಇಂಗಾಲದ ಸರಪಳಿಗಳು ಎಷ್ಟು ಬಗೆಯಾಗಿ ಕವಲೊಡೆಯಬಹುದೆಂದು ಎಣಿಸಲು ಹೊರಟದ್ದು ಗಣಿತದಲ್ಲಿ ಎಣಿಕೆಯ ವಿಧಾನಗಳನ್ನೇ ಬೆಳೆಸಿತು. ಆಲ್ಕೇನುಗಳಲ್ಲಿ (ಇಂಗಾಲ, ಹೈಡ್ರೋಜನ್‌ಗಳು ಮಾತ್ರ ಏಕಬಂಧಗಳಿಂದ ಸೇರಿದ ಸರಪಳಿಗಳಲ್ಲಿ) 5 ಇಂಗಾಲಗಳಿಗೆ 3 ರಚನೆಗಳಿದ್ದರೆ, 10 ಇಂಗಾಲಗಳಿಗೆ 75 ಇವೆ.

ಪರ್ಮ್ಯಾಂಗನೇಟಿನ ಸಮೀಕರಣವನ್ನು 7 ಅಕ್ಷರಗಳನ್ನಿಟ್ಟು ಬಿಡಿಸುವಂತೆ ಮಗಳಿಗೆ ಹೇಳಿ. ಆಮ್ಲಜನಕದ ಅಣುಗಳ ಸಂಖ್ಯೆ ಪೆರಾಕ್ಸೈಡಿನ ಅಣುಗಳ ಸಂಖ್ಯೆಗೆ ಸಮ ಎಂಬ ಷರತ್ತನ್ನು ಕೊನೆಯಲ್ಲಿ ಸೇರಿಸಿದರೆ, 2ಕ್ಕೆ 5 ಎಂಬ ಉತ್ತರ ಪಠ್ಯಪುಸ್ತಕ ತೆರೆಯದೆಯೇ ಅವಳಿಗೆ ದೊರೆಯುತ್ತದೆ.